ಬೇಡ ಅಂದವರ ಊಟ

ನಮ್ಮ ಬೀದಿಯಲ್ಲಿ ಆಗ್ಲಪ್ಪನನ್ನು ಅವನ ನಿಜವಾದ ಹೆಸರಿನಿಂದ ಕರೆಯುವವನು ಅಂಚೆಯವನೊಬ್ಬನೇ, ಅವನೂ ಪ್ರತಿಸಲ ಲಕೋಟೆ ನೋಡಿಕೊಂಡೇ ಕೂಗುತ್ತಾನೆ. ಮಿಕ್ಕವರಿಗೆಲ್ಲ ಅವನು ಆಗ್ಲಪ್ಪ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಮುಂದೆ ಒಂದು ಫೋನು, ಹಿಂದೆ ಒಂದು ಗೋಡೆ. ನಲ್ಲಿಯಲ್ಲಿ ನೀರು ಬಂದಿಲ್ಲ ಅಂತ ಒಬ್ಬರು, ಬಂದದ್ದು ನಿಲ್ಲುತ್ತಿಲ್ಲ ಅಂತ ಇನ್ನೊಬ್ಬರು, ಬಂದ ನೀರಿಗೆ ಬಣ್ಣ ಇದೆ ಅಂತ ಮತ್ತೊಬ್ಬರು ಬೆಳಗಿನಿಂದ ಸಂಜೆಯವರೆಗೆ ಅವನ ಕಿವಿಯಲ್ಲಿ ಕೂಗುತ್ತಾರೆ. ಅವನು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು ಕೊನೆಗೆ "ಆಗ್ಲಿ ಸಾರ್" ಅನ್ನುತ್ತಾನೆ. ಹೆಂಗಸರಾದರೆ "ಆಗ್ಲಿ ಮೇಡಂ". ಆ ಮಾತು ಬಿದ್ದ ಮೇಲೆ ಫೋನು ಇಡಬೇಕೆಂಬುದು ಊರಿಗೆಲ್ಲ ಗೊತ್ತು. "ಆಗ್ಲಿ" ಅಂದರೆ ಆಗುತ್ತದೆ ಅಂತಲ್ಲ; ನೀವು ಹೇಳಿದ್ದು ಕೇಳಿಸಿತು, ಇನ್ನು ಹೊರಡಿ ಅಂತ. ನನ್ನ ಮನೆಯ ಮುಂದಿನ ಪೈಪು ಎಷ್ಟೋ ಸಲ "ಆಗ್ಲಿ" ಅನ್ನಿಸಿಕೊಂಡು ಇವತ್ತಿಗೂ ಸೋರುತ್ತಿದೆ. ನಾನು ಅವನ ಪಕ್ಕದ ಮನೆಯವನು, ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ, ಆದರೂ ಪೈಪು ಸೋರುತ್ತಿದೆ.

ಮನುಷ್ಯ ಕೆಟ್ಟವನಲ್ಲ. ಬೇರೆಯವರ ಮನೆಯ ದೂರು ಕೇಳೀ ಕೇಳೀ ತನ್ನ ಮನೆಯ ಮೇಲೆ ಯಾರಾದರೂ ದೂರಿದರೆ ಅವನ ಜೀವ ಬಾಯಿಗೆ ಬರುತ್ತದೆ, ಅಷ್ಟೇ. ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಹತ್ತಿರದವರನ್ನಷ್ಟೇ ಕರೆದು ಊಟ ಹಾಕಿದ್ದ. ಎಲ್ಲರೂ ಉಂಡರು, ಹೊಗಳಿದರು. ಆದರೆ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಜವಳಿ ಅಂಗಡಿಯ ಯಜಮಾನ, ಕೈ ತೊಳೆಯುತ್ತ ಉಂಗುರಗಳನ್ನು ಸರಿಮಾಡಿಕೊಂಡು, ಎಲ್ಲ ಚೆನ್ನಾಗಿತ್ತು, ಉಪ್ಪು ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿತ್ತು ಅಂದುಬಿಟ್ಟ. ಆ ಉಪ್ಪು ವರ್ಷವಿಡೀ ಬಂಧುಬಳಗದಲ್ಲಿ ಓಡಾಡಿತು. ಯಾರ ಮನೆಯ ಊಟಕ್ಕೆ ಹೋದರೂ ಒಬ್ಬರಾದರೂ ಆಗ್ಲಪ್ಪನ ಕಡೆ ತಿರುಗಿ, ಇಲ್ಲಿ ಉಪ್ಪು ಸರಿಯಾಗಿದೆ ನೋಡಿ ಅನ್ನುತ್ತಿದ್ದರು. ಅವನು ನಗುವ ಹಾಗೆ ಮಾಡಿ ನೀರು ಕುಡಿಯುತ್ತಿದ್ದ.

ಹೀಗಿರುವಾಗ ಈ ವರ್ಷದ ಹುಟ್ಟುಹಬ್ಬ ಹತ್ತಿರ ಬಂತು. ಒಂದು ದಿನ ಕಚೇರಿಯಲ್ಲಿ ಚಹಾ ಹೊತ್ತಿಗೆ ಯಾರೋ ಹಳೆಯ ಉಪ್ಪಿನ ಕಥೆ ಎತ್ತಿದರು. ಆಗ್ಲಪ್ಪನಿಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಈ ಸಲ ನಮ್ಮನೆ ಊಟದಲ್ಲಿ ಒಂದೇ ಒಂದು ದೂರು ಬಂದರೆ ನನ್ನ ಹೆಸರು ಬದಲಾಯಿಸಿ ಅಂದ. ಹೆಸರು ಆಗಲೇ ಬದಲಾಗಿದೆ ಎಂಬುದನ್ನು ಯಾರೂ ನೆನಪಿಸಲಿಲ್ಲ. ಹಿಂದೆ ನಿಂತಿದ್ದ ಸೆಕ್ಷನ್ ಸಾಹೇಬರು ಮಾತ್ರ, ಹಾಗಾದ್ರೆ ನಾನೂ ಬಂದು ನೋಡೇಬಿಡ್ತೀನಿ ಅಂದರು. ಸಾಹೇಬರು ಬರುವುದಾದರೆ ಸೆಕ್ಷನ್ನಿನವರನ್ನೆಲ್ಲ ಬಿಡುವುದು ಹೇಗೆ? ಸೆಕ್ಷನ್ನಿನವರು ಬಂದರೆ ಬೀದಿಯವರನ್ನು ಬಿಡುವುದು ಹೇಗೆ? ಬೀದಿಯವರು ಬಂದರೆ ನೆಂಟರು ಸುಮ್ಮನಿರುತ್ತಾರಾ? ಸಂಜೆ ಮನೆಗೆ ಬರುವಷ್ಟರಲ್ಲಿ ಒಂದು ಮಗುವಿನ ಹುಟ್ಟುಹಬ್ಬ ಒಂದು ಮದುವೆಯಷ್ಟು ದೊಡ್ಡದಾಗಿತ್ತು.

ಮಗುವಿನ ಬಗ್ಗೆ ಹೇಳಬೇಕು. ಅವಳನ್ನು ಎಲ್ಲರೂ ಗಿಲಕಿ ಅಂತಲೇ ಕರೆಯುವುದು. ಬೆಳಗ್ಗೆ ಕಣ್ಣು ಬಿಡುವ ಮೊದಲು ಬಾಯಿ ಬಿಡುವ ಹುಡುಗಿ. ಅವಳ ತರಗತಿಯಲ್ಲಿ ಯಾರ ಪೆನ್ಸಿಲು ಕಳೆಯಿತು, ಯಾರ ಹಲ್ಲು ಬಿತ್ತು, ಯಾವ ಟೀಚರಿಗೆ ಕೆಮ್ಮು, ಎಲ್ಲ ನನಗೆ ಗೋಡೆಯ ಈಚೆಯಿಂದಲೇ ತಿಳಿಯುತ್ತಿತ್ತು. ಅವಳಮ್ಮ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಬೆಳಗ್ಗೆ ಅವಳಿಗೆ ಡ್ಯೂಟಿ, ಹಾಗಾಗಿ ಆ ಹೊತ್ತು ಅಡುಗೆಮನೆ ಆಗ್ಲಪ್ಪನದು. ಅವನಿಗೆ ಬರುವ ಅಡುಗೆ ಒಂದೇ. ಆಲೂಗಡ್ಡೆಯನ್ನು ದುಂಡಗೆ ಹೆಚ್ಚಿ ಎಣ್ಣೆಯಲ್ಲಿ ಕರಿಯುವುದು. ಅಪ್ಪ ಮಗಳು ಅದಕ್ಕೆ ಬಿಲ್ಲೆ ಅನ್ನುತ್ತಾರೆ. ಅವನ ಕೈಯಲ್ಲಿ ಒಂದು ಬಿಲ್ಲೆ ಕಾಗದದಷ್ಟು ತೆಳ್ಳಗಾದರೆ ಮುಂದಿನದು ಹೆಬ್ಬೆರಳಷ್ಟು ದಪ್ಪ. ಆದ್ದರಿಂದ ಕೆಲವು ಸೀದು ಕರ್ರಗಾಗುತ್ತವೆ, ಕೆಲವು ಒಳಗೆ ಹಸಿ ಉಳಿಯುತ್ತವೆ. ಅಡುಗೆ ಗೊತ್ತಿದ್ದವರು ಇದನ್ನು ಕೈಗುಣ ಇಲ್ಲದ್ದು ಅನ್ನುತ್ತಾರೆ. ಗಿಲಕಿಯ ಪ್ರಕಾರ ಇದೊಂದು ವಿದ್ಯೆ. ಕರ್ರಗಾದ ಬಿಲ್ಲೆಗಳೆಲ್ಲ ಅವಳ ಪಾಲು.

ಈ ವಿದ್ಯೆಯ ವಿಷಯವನ್ನು ಅವಳು ಶಾಲೆಯಲ್ಲಿ ಸಾರಿಬಿಟ್ಟಿದ್ದಳು. ಯಾರದೋ ಅಪ್ಪನ ಹತ್ತಿರ ದೊಡ್ಡ ಕಾರಿತ್ತು, ಯಾರದೋ ಅಪ್ಪ ವಿಮಾನದಲ್ಲಿ ಹೋಗಿಬಂದಿದ್ದರು. ಗಿಲಕಿ, ನಮ್ಮಪ್ಪ ಮಾಡುವಂಥ ಬಿಲ್ಲೆ ಯಾರ ಅಪ್ಪನಿಗೂ ಬರಲ್ಲ ಅಂದಿದ್ದಳು. ಯಾರೂ ನಂಬಿರಲಿಲ್ಲ. ಹುಟ್ಟುಹಬ್ಬಕ್ಕೆ ಬನ್ನಿ, ತೋರಿಸ್ತೀನಿ ಅಂತ ಇಡೀ ತರಗತಿಗೆ ಸವಾಲು ಹಾಕಿ ಮನೆಗೆ ಬಂದು ಅಪ್ಪನ ಮುಂದೆ ನಿಂತಳು.

"ಅಪ್ಪಾ, ಆವತ್ತು ನೀನೇ ಬಿಲ್ಲೆ ಮಾಡ್ಬೇಕು. ಎಲ್ಲರಿಗೂ ಹೇಳ್ಬಿಟ್ಟಿದೀನಿ."

ಆಗ್ಲಪ್ಪ ಬರುವವರ ಲೆಕ್ಕದಲ್ಲಿ ಮುಳುಗಿದ್ದ. ತಲೆಯೆತ್ತದೆ, "ಆಗ್ಲಿ" ಅಂದ.

ಊರಿಗೆಲ್ಲ ಗೊತ್ತಿದ್ದ ಆ ಮಾತಿನ ಅರ್ಥ ಎಂಟು ತುಂಬದ ಆ ಹುಡುಗಿಗೆ ಗೊತ್ತಿರಲಿಲ್ಲ. ನಮ್ಮ ಮನೆಗೂ ಓಡಿಬಂದು, ಅಪ್ಪ ಆಗ್ಲಿ ಅಂದ್ರು ಅಂತ ಹೇಳಿ ಹೋದಳು.

ಇನ್ನು ಆಗ್ಲಪ್ಪನ ಯೋಜನೆ. ದೂರು ಬಂದ ಮೇಲೆ ಕೇಳಿಸಿಕೊಳ್ಳುವುದು ಕಚೇರಿಯ ಪದ್ಧತಿ, ಬರುವ ಮೊದಲೇ ಹೋಗಿ ಕೇಳಿಬಿಟ್ಟರೆ ದೂರು ಹುಟ್ಟುವುದೇ ಇಲ್ಲ ಎಂದು ಅವನಿಗೆ ಹೊಳೆಯಿತು. ಬರುವವರ ಬಳಿಗೆಲ್ಲ ಹೋಗಿ ಯಾರಿಗೆ ಯಾವುದು ಆಗುವುದಿಲ್ಲವೋ ಕೇಳಿಕೊಳ್ಳುವುದು, ಅದನ್ನು ಅಡುಗೆಯಿಂದ ತೆಗೆದುಹಾಕುವುದು. ಉಳಿದದ್ದನ್ನು ಎಲ್ಲರೂ ತಿಂದೇ ತಿನ್ನಬೇಕಲ್ಲ. ಕೇಳಿದಾಗ ನನಗೂ ಇದರಲ್ಲಿ ತಪ್ಪು ಕಾಣಲಿಲ್ಲ. ದೊಡ್ಡ ದೊಡ್ಡ ತಪ್ಪುಗಳೆಲ್ಲ ಮೊದಲು ಹೀಗೆ ಸರಿಯಾಗಿಯೇ ಕಾಣುತ್ತವೆ.

ಮೊದಲು ಷಡ್ಡಕನ ಅಂಗಡಿಗೆ ಹೋದ. ಬಟ್ಟೆಯ ಥಾನುಗಳ ನಡುವೆ ಕೂತಿದ್ದ ಷಡ್ಡಕನಿಗೆ ಆಗದ ಪದಾರ್ಥ ಈ ಭೂಮಿಯ ಮೇಲೆ ಇರಲಿಲ್ಲ. ಕಲ್ಲು ತಿಂದು ಕರಗಿಸಿಕೊಳ್ಳುವ ಆಸಾಮಿ. ಆದರೆ ಕೆಲಸದವರ ಎದುರಿಗೆ ಒಬ್ಬ ಮನುಷ್ಯ ಕೈಕಟ್ಟಿ ನಿಂತು, ಭಾವ ನಿಮಗೆ ಏನು ಆಗಲ್ಲ ಹೇಳಿಬಿಡಿ ಅಂತ ವಿನಯದಿಂದ ಕೇಳಿದರೆ, ಎಲ್ಲವೂ ಆಗುತ್ತದೆ ಅನ್ನುವುದು ಹೇಗೆ? ಎಲ್ಲವೂ ಆಗುವವನು ಸಾಮಾನ್ಯ ಮನುಷ್ಯ. ಪಥ್ಯ ಇರುವವನಿಗೆ ಒಂದು ಗೌರವ, ಒಂದು ತೂಕ. ಷಡ್ಡಕ ಸ್ವಲ್ಪ ಹೊತ್ತು ಛಾವಣಿ ನೋಡಿ, ಎಣ್ಣೆ ಅಂದ. ಕರಿದದ್ದರ ವಾಸನೆ ಕೂಡ ಆಗುವುದಿಲ್ಲ, ತಲೆ ಸುತ್ತುತ್ತದೆ ಅಂದ. ಆಗ್ಲಪ್ಪ, ಆಗ್ಲಿ ಭಾವ ಅಂದ.

ಸಾಹೇಬರಿಗೆ ಷಡ್ಡಕನ ಎಣ್ಣೆಯ ವಿಷಯ ಹೇಗೋ ತಿಳಿಯಿತು. ಒಬ್ಬ ಜವಳಿ ಅಂಗಡಿಯವನೇ ಎಣ್ಣೆ ಬಿಟ್ಟಿರುವಾಗ ಸೆಕ್ಷನ್ ಸಾಹೇಬರಾದವರು ಬಿಡುವುದಕ್ಕೆ ಏನಾದರೂ ಬೇಡವೆ? ಅವರು ಸಕ್ಕರೆ ಬಿಟ್ಟರು. ಇದು ತಿಳಿದದ್ದೇ ಷಡ್ಡಕ ಫೋನು ಮಾಡಿ, ಉಪ್ಪೂ ನನಗೆ ವರ್ಜ್ಯ, ಹೋದ ವರ್ಷವೇ ಸೂಚನೆ ಕೊಟ್ಟಿದ್ದೆನಲ್ಲ ಅಂದ. ಎದುರುಮನೆಯ ಟೀಚರಮ್ಮ ಹುಳಿ ಮುಟ್ಟುವುದಿಲ್ಲ ಅಂದರು. ಆಮೇಲೆ ಅದೊಂದೇ ಆದರೆ ಕಡಿಮೆ ಅನ್ನಿಸಿ ಗೋಧಿ, ಮೈದಾ ಎರಡನ್ನೂ ಸೇರಿಸಿದರು. ಆಗ್ಲಪ್ಪನ ಅತ್ತೆ, ಅಗಿಯುವಂಥದ್ದು ಏನೂ ಇರಕೂಡದು, ನನ್ನ ಹಲ್ಲು ಯಾರೂ ಕೇಳುವವರೇ ಇಲ್ಲ ಅಂತ ಕಣ್ಣೊರೆಸಿಕೊಂಡರು. ಬೀದಿಯ ಕೊನೆಯ ಇಸ್ತ್ರಿಯವನನ್ನು ಕೇಳುವುದು ಮರೆತಿತ್ತು. ಅವನು ಬಿಸಿ ಇಸ್ತ್ರಿಪೆಟ್ಟಿಗೆ ಹಾಗೇ ಬಿಟ್ಟು ಮನೆಗೆ ಬಂದು, ನಮಗೇನು ಹೊಟ್ಟೆ ಇಲ್ವಾ ಸಾರ್ ಅಂತ ಜಗಳ ತೆಗೆದು, ಖಾರ ಆಗುವುದಿಲ್ಲ ಅಂತ ಹೇಳಿ ಸಮಾಧಾನವಾಗಿ ಹೋದ. ನನ್ನನ್ನು ಕೇಳಿದಾಗ ನಾನೂ ಏನಾದರೂ ಹೇಳಬೇಕಲ್ಲ, ಬದನೆಕಾಯಿ ಅಂದೆ. ಎಲ್ಲರಿಗೂ ಅವನು ಆಗ್ಲಿ ಅಂದ. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಅವನು ನಿಜವಾಗಿಯೂ ನಡೆಸಲು ಹೊರಟಿದ್ದ.

ಅಡುಗೆ ವಹಿಸಿಕೊಂಡವನಿಗೆ ದೊಡ್ಡ ಸೌಟು ಅಂತ ಹೆಸರು. ಎಂಥೆಂಥ ಊಟಗಳನ್ನೋ ಎತ್ತಿ ಇಳಿಸಿದವನು. ಅವನು ಜಗಲಿಯಲ್ಲಿ ಕೂತು ಒಂದೊಂದೇ ಕೇಳಿದ. ಎಣ್ಣೆ? ಭಾವನಿಗೆ ಆಗಲ್ಲ. ಸಕ್ಕರೆ? ಸಾಹೇಬರಿಗೆ ಆಗಲ್ಲ. ಉಪ್ಪು, ಹುಳಿ, ಖಾರ? ಮೂರೂ ಹೋಗಿದ್ದವು. ಬೇಳೆ? ಸೆಕ್ಷನ್ನಿನ ಒಬ್ಬನಿಗೆ ವಾಯು. ಹಾಲು? ಇನ್ನೊಬ್ಬನಿಗೆ ಕಫ. ಹಾಗಾದರೆ ಅವರವರಿಗೆ ಬೇರೆ ಬೇರೆ ಮಾಡೋಣ ಸ್ವಾಮಿ ಅಂತ ದೊಡ್ಡ ಸೌಟು ದಾರಿ ತೋರಿಸಿದ. ಆಗ್ಲಪ್ಪ ಅದನ್ನೂ ಯೋಚಿಸಿದ್ದ. ಪಕ್ಕದ ತಟ್ಟೆಯಲ್ಲಿ ತನ್ನಲ್ಲಿಲ್ಲದ್ದು ಕಂಡರೆ ಅಲ್ಲೇ ದೂರು ಹುಟ್ಟುತ್ತದೆ, ಎಲ್ಲರಿಗೂ ಒಂದೇ ಊಟ ಅಂದ.

ದೊಡ್ಡ ಸೌಟು ಹೆಗಲ ಮೇಲಿನ ವಸ್ತ್ರ ಕೊಡವಿ ಕೇಳಿದ. "ನೀರು ಎಲ್ಲರೂ ಕುಡೀತಾರಾ ಸ್ವಾಮಿ?"

ಅವನು ಹಾಸ್ಯಕ್ಕೆ ಕೇಳಿದ್ದು. ಆಗ್ಲಪ್ಪ ಗಂಭೀರವಾಗಿ ಯೋಚಿಸಿದ. "ಅತ್ತೆಗೆ ಬಿಸೀದು ಬೇಕು, ಟೀಚರಮ್ಮನಿಗೆ ಬಿಸೀದು ಆಗಲ್ಲ. ಉಗುರುಬೆಚ್ಚಗೆ ಮಾಡಿಬಿಡಿ."

ಕೊನೆಗೆ ಉಳಿದದ್ದು ಅನ್ನ ಮತ್ತು ಸೋರೆಕಾಯಿ. ಯಾರೂ ಸೋರೆಕಾಯಿಯ ಮೇಲೆ ದೂರು ಕೊಟ್ಟಿರಲಿಲ್ಲ. ಬೇಡ ಅನ್ನುವುದಕ್ಕಾದರೂ ಅದು ಯಾರಿಗೂ ನೆನಪಾಗಿರಲಿಲ್ಲ. ಸೋರೆಕಾಯಿ ಬೇಯಿಸಿದ್ದು, ಸೋರೆಕಾಯಿ ಹಿಸುಕಿದ್ದು, ಸೋರೆಕಾಯಿ ಬೇಯಿಸಿದ ನೀರನ್ನು ಸೋಸಿ ಕುಡಿಯುವುದಕ್ಕೆ. ಕೇಕಿನ ಮಾತು ಬಂದಾಗ ಸಕ್ಕರೆ, ಮೈದಾ, ಹಾಲು ಇಲ್ಲದ ಕೇಕು ಯಾವ ಬೇಕರಿಯಲ್ಲೂ ಸಿಗಲಿಲ್ಲ. ಒಂದು ಉದ್ದನೆಯ ಸೋರೆಕಾಯಿಯನ್ನು ಇಡಿಯಾಗಿ ಬೇಯಿಸಿ ಅದರ ಮೇಲೆ ಮೇಣದಬತ್ತಿ ನಿಲ್ಲಿಸುವುದು ಅಂತಾಯಿತು. ದೊಡ್ಡ ಸೌಟು ಎದ್ದು ಹೋಗುವಾಗ, ಇದನ್ನ ಮಾಡಿದ್ದು ನಾನು ಅಂತ ಯಾರಿಗೂ ಹೇಳಬೇಡಿ ಅಂತ ಆಗ್ಲಪ್ಪನ ಕೈ ಹಿಡಿದು ಕೇಳಿಕೊಂಡ.

ಹೆಂಡತಿ ಡ್ಯೂಟಿ ಮುಗಿಸಿ ಬಂದು ಇದನ್ನೆಲ್ಲ ಕೇಳಿ, ನಮ್ಮ ವಾರ್ಡಿನಲ್ಲೂ ಇಷ್ಟು ಪಥ್ಯ ಇಲ್ಲ ಅಂದಳು. ಮಕ್ಕಳಿಗಾದರೂ ಒಂದು ಬಾಣಲೆ ಬಿಲ್ಲೆ ಮಾಡಿ, ಮಗು ಆಸೆಯಿಂದ ಕಾದಿದೆ ಅಂದಳು. ಭಾವನಿಗೆ ವಾಸನೆಯೇ ಆಗುವುದಿಲ್ಲ ಎಂದು ಇವನು ವಿವರಿಸಿದ. ಅವಳು ಬಟ್ಟೆ ಮಡಿಸುತ್ತಿದ್ದದ್ದನ್ನು ನಿಲ್ಲಿಸಿದಳು.

"ಎಲ್ಲರನ್ನೂ ಏನು ಆಗಲ್ಲ ಅಂತ ಕೇಳಿ ಬಂದ್ರಿ. ಒಬ್ಬರನ್ನಾದ್ರೂ ಏನು ಇಷ್ಟ ಅಂತ ಕೇಳಿದ್ರಾ?"

ಇಷ್ಟವಾದದ್ದು ಸಿಗದಿದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆಗದ್ದು ಬಡಿಸಿದರೆ ವರ್ಷವಿಡೀ ಹೇಳುತ್ತಾರೆ ಎಂಬುದು ಅವನ ಉತ್ತರ. ದೂರು ವಿಭಾಗದ ಅನುಭವ ಮಾತಾಡುತ್ತಿತ್ತು. ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ ಗಿಲಕಿಯನ್ನು ಕರೆದು ತಲೆ ನೇವರಿಸಿ, ದೊಡ್ಡಪ್ಪನಿಗೆ ಎಣ್ಣೆ ಆಗಲ್ಲ ಪುಟ್ಟಾ, ಬಿಲ್ಲೆ ಭಾನುವಾರ ಮಾಡಿಕೊಡ್ತೀನಿ ಅಂದ.

"ಭಾನುವಾರ ಅವರು ಯಾರೂ ಬರಲ್ಲಪ್ಪ," ಅಂದಳು ಗಿಲಕಿ.

ಬರ್ತಾರೆ ಬರ್ತಾರೆ ಅಂತ ಹೇಳಿ ಅವನು ಕುರ್ಚಿ ಬಾಡಿಗೆಗೆ ಹೇಳಲು ಹೊರಟ. ಆ ಸಂಜೆ ಗೋಡೆಯ ಆಚೆಯಿಂದ ಒಂದು ಮಾತೂ ಕೇಳಿಬರಲಿಲ್ಲ. ಹುಡುಗಿಗೆ ಜ್ವರವಿರಬೇಕು ಅಂದುಕೊಂಡೆ.

ಆ ದಿನ ಬಂತು. ಮನೆಯ ಮುಂದಿನ ಖಾಲಿ ಜಾಗದಲ್ಲಿ ಸಾಲಾಗಿ ಕುರ್ಚಿಗಳು, ನಮ್ಮ ಮನೆಯ ಉದ್ದ ಬೆಂಚು, ಬಣ್ಣದ ಕಾಗದ, ಬಲೂನು. ಮಧ್ಯಾಹ್ನ ಇಳಿಯುತ್ತಿದ್ದ ಹಾಗೆ ಜನ ಬರತೊಡಗಿದರು. ಬಂದವರೆಲ್ಲ ಬಾಗಿಲಲ್ಲಿ ಒಂದು ಕ್ಷಣ ನಿಂತು ಮೂಗು ಅರಳಿಸುತ್ತಿದ್ದರು. ಊಟದ ಮನೆಗೆ ಬಂದವರು ಮೊದಲು ಮಾಡುವ ಕೆಲಸ ಅದು. ಅಡುಗೆಮನೆಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಸಾಹೇಬರು ಬೆಳಗಿನಿಂದ ಏನೂ ತಿಂದಿಲ್ಲವೆಂದು ಅವರ ಹೆಂಡತಿ ಯಾರಿಗೋ ಹೇಳುತ್ತಿದ್ದರು. ಷಡ್ಡಕ ಬೆಲ್ಟನ್ನು ಮನೆಯಲ್ಲೇ ಸಡಿಲ ಮಾಡಿಕೊಂಡು ಬಂದಿದ್ದ.

ಮೇಣದಬತ್ತಿ ಹಚ್ಚಿದರು. ಬಿಳಿ ತಟ್ಟೆಯ ಮೇಲೆ ಬೆಂದ ಸೋರೆಕಾಯಿ ಮಲಗಿತ್ತು. ಬತ್ತಿಗಳು ಮೆತ್ತಗಿನ ಕಾಯಿಯಲ್ಲಿ ನೆಟ್ಟಗೆ ನಿಲ್ಲದೆ ಒಂದೊಂದು ಒಂದೊಂದು ಕಡೆ ವಾಲಿದ್ದವು. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಹೊಸ ಫ್ರಾಕು ಹಾಕಿದ್ದ ಗಿಲಕಿ ಒಂದೇ ಉಸಿರಿಗೆ ಊದಿ, ಚಾಕು ತಗಲಿಸಿದಳು. ಕಾಯಿ ತಾನಾಗಿಯೇ ಎರಡಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ತಟ್ಟುತ್ತಲೇ ಅಡುಗೆಮನೆಯ ಬಾಗಿಲು ನೋಡಿದರು.

ಆಗ್ಲಪ್ಪ ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದ. ಅವನು ಮಕ್ಕಳ ಸಾಲಿಗೆ ಬಂದಾಗ ಎರಡು ಜಡೆಯ ಹುಡುಗಿಯೊಬ್ಬಳು, ಅಂಕಲ್ ನೋವು ಕಡಿಮೆ ಆಯ್ತಾ ಅಂತ ಕೇಳಿದಳು. ಏನು ಕೇಳಿದಳೆಂದು ಅವನು ಗಮನಿಸಲಿಲ್ಲ, ಆಗ್ಲಿ ಮರಿ ಆಗ್ಲಿ ಅಂತ ಮುಂದೆ ಹೋದ. ಇನ್ನೊಬ್ಬಳು ಅವನ ಕೈಯಿಂದ ನೀರಿನ ಜಗ್ಗು ಇಸಿದುಕೊಂಡು ತಾನೇ ಬಡಿಸಿದಳು. ಮತ್ತೊಬ್ಬ ಅವನ ಕೈಯನ್ನೇ ದಿಟ್ಟಿಸಿ ನೋಡಿದ. ಈಗಿನ ಶಾಲೆಗಳಲ್ಲಿ ಎಷ್ಟು ಒಳ್ಳೆಯ ನಡತೆ ಕಲಿಸುತ್ತಾರೆ ಎಂದು ಆಗ್ಲಪ್ಪ ನನ್ನ ಬಳಿ ಬಂದು ಮೆಚ್ಚಿಕೊಂಡ.

ಊಟ ನಡೆಯಿತು. ಅಷ್ಟು ನಿಶ್ಶಬ್ದವಾದ ಊಟವನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಜನ ಸೋರೆಕಾಯಿಯನ್ನು ಎಡಕ್ಕೆ ತಳ್ಳಿ ನೋಡಿದರು, ಬಲಕ್ಕೆ ತಳ್ಳಿ ನೋಡಿದರು. ಇದು ಮೊದಲ ಸುತ್ತು, ನಿಜವಾದ ಊಟ ಇನ್ನೂ ಹಿಂದೆ ಇದೆ ಎಂದು ಎಲ್ಲರ ಮುಖದಲ್ಲೂ ನಂಬಿಕೆ ಇತ್ತು. ಕೊನೆಗೆ ಸಾಹೇಬರು ತಡೆಯಲಾರದೆ ಆಗ್ಲಪ್ಪನನ್ನು ಕರೆದರು.

"ಇನ್ನೇನಾದ್ರೂ ಬರೋದಿದ್ಯಾ?"

"ನೀರು ಬರುತ್ತೆ ಸಾರ್," ಅಂದ ಆಗ್ಲಪ್ಪ.

ಈ ಮಾತನ್ನು ಅವನು ಕಚೇರಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದನೋ ದೇವರೇ ಬಲ್ಲ. ನಿಜವಾಗಿ ನೀರು ಬಂದದ್ದು ಅವತ್ತೇ. ಉಗುರುಬೆಚ್ಚಗಿತ್ತು.

ಒಂದೇ ಒಂದು ದೂರು ಬರಲಿಲ್ಲ. ದೂರುವುದಾದರೂ ಹೇಗೆ? ಎಣ್ಣೆ ಇಲ್ಲ ಅನ್ನಲು ಷಡ್ಡಕನಿಗೆ ಬಾಯಿಲ್ಲ, ಸಕ್ಕರೆ ಇಲ್ಲ ಅನ್ನಲು ಸಾಹೇಬರಿಗೆ ಬಾಯಿಲ್ಲ. ಎಲ್ಲರೂ ಬೇಗ ಬೇಗ ಎದ್ದು, ಹೊಟ್ಟೆಗೆ ಹಗುರವಾಗಿತ್ತು, ಹಿತವಾಗಿತ್ತು ಅಂತ ಹೇಳಿ ಹೊರಟರು. ಆಗ್ಲಪ್ಪ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರಿಗೂ ಕೈ ಮುಗಿದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ನೋಡಿರಲಿಲ್ಲ.

ಜನ ಹೋದ ಮೇಲೆ ನೋಡಿದರೆ ಸಾಹೇಬರ ಕೊಡೆ ಕುರ್ಚಿಗೆ ನೇತಾಡುತ್ತಿತ್ತು. ಕೊಡೆ ಮರೆತದ್ದೂ ಒಂದು ದೂರಾಗಬಾರದಲ್ಲ ಎಂದು ಅದನ್ನು ಹಿಡಿದುಕೊಂಡು ಅವರ ಹಿಂದೆ ಓಡಿದ. ಬೀದಿಯ ತಿರುವಿನಲ್ಲಿ ಒಂದು ತಳ್ಳುಗಾಡಿ ನಿಲ್ಲುತ್ತದೆ. ಸಂಜೆ ಹೊತ್ತು ದೊಡ್ಡ ಬಾಣಲೆಯಲ್ಲಿ ಕರಿದ ತಿಂಡಿ, ಪಕ್ಕದಲ್ಲಿ ಸಿಹಿ. ಆಗ್ಲಪ್ಪ ಅಲ್ಲಿಗೆ ಬಂದು ನಿಂತುಬಿಟ್ಟ.

ಅವನ ಅತಿಥಿಗಳೆಲ್ಲ ಅಲ್ಲಿದ್ದರು. ಸಾಹೇಬರು ಪಾಕ ಸೋರುವ ಸಿಹಿಯನ್ನು ಅಂಗಿಗೆ ತಾಗದ ಹಾಗೆ ಮುಂದಕ್ಕೆ ಬಗ್ಗಿ ತಿನ್ನುತ್ತಿದ್ದರು. ಷಡ್ಡಕನ ಕೈಯಲ್ಲಿ ಎಣ್ಣೆ ಇಳಿದ ಕಾಗದದ ಪೊಟ್ಟಣ, ಉಂಗುರಗಳೆಲ್ಲ ಮಿರಮಿರ ಅನ್ನುತ್ತಿದ್ದವು. ಟೀಚರಮ್ಮ ನಿಂಬೆಹಣ್ಣು ಹಿಂಡುತ್ತಿದ್ದರು. ಇಸ್ತ್ರಿಯವನು ಹಸಿಮೆಣಸಿನಕಾಯಿ ಕಚ್ಚಿ ಹಾ ಹಾ ಅನ್ನುತ್ತಿದ್ದ. ಅಗಿಯಲಾರದ ಅತ್ತೆ ಹುರಿದ ಕಡಲೆಕಾಯಿಯನ್ನು ಕಟಕಟ ಅಗಿಯುತ್ತಿದ್ದರು. ನಾನೂ ಅಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ. ನನ್ನ ಕೈಯಲ್ಲಿದ್ದ ಕರಿದ ಹೋಳು ಯಾವ ತರಕಾರಿಯದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊಡೆ ಹಿಡಿದ ಆಗ್ಲಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರ ಬಾಯಿ ತುಂಬಿತ್ತು. ಅವನೇ ಮೆಲ್ಲಗೆ ಕೇಳಿದ.

"ಭಾವ, ನಿಮಗೆ ಎಣ್ಣೆ ಆಗುತ್ತಾ?"

ಸಿಕ್ಕಿಬಿದ್ದವನಿಗೆ ಬರುವಷ್ಟು ಕೋಪ ಬೇರೆ ಯಾರಿಗೂ ಬರುವುದಿಲ್ಲ. ಷಡ್ಡಕ ಬಾಯಲ್ಲಿದ್ದದ್ದನ್ನು ನುಂಗಿದ. "ನೀನೆಂಥ ಮನುಷ್ಯನಯ್ಯ? ಬೇಡ ಅಂದ್ರೆ ಬಿಟ್ಟೇಬಿಡೋದಾ? ಮನೆಗೆ ಬಂದವರನ್ನ ಒಂದು ಸಲ, ಎರಡು ಸಲ ಬಲವಂತ ಮಾಡ್ಬೇಕು. ಮೂರನೇ ಸಲಕ್ಕೆ ನಾವು, ಅಯ್ಯೋ ಪಾಪ ಇವರ ಮನಸ್ಸು ನೋಯಬಾರದು ಅಂತ ತಿನ್ಬೇಕು. ಬಲವಂತವೇ ಇಲ್ಲ ಅಂದ್ರೆ ಅದೆಂಥ ಊಟ?"

ಸಾಹೇಬರು ತುಂಬಿದ ಬಾಯಲ್ಲೇ ಹೌದು ಹೌದು ಎಂದು ತಲೆಯಾಡಿಸಿದರು. ಮಿಕ್ಕವರೂ ಒಪ್ಪಿದರು. ಆಗ ಗೊತ್ತಾಯಿತು, ಪ್ರತಿಯೊಬ್ಬರೂ ಒಂದೇ ಲೆಕ್ಕ ಹಾಕಿದ್ದರು. ಪಥ್ಯ ತನ್ನೊಬ್ಬನದು, ಊಟ ಮಿಕ್ಕವರಿಗೆ ಹೇಗೂ ಇರುತ್ತದೆ, ಬಡಿಸುವಾಗ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಬಡಿಸುತ್ತಾರೆ. ನನ್ನ ಬದನೆಕಾಯಿಯ ಲೆಕ್ಕವೂ ಅದೇ. ಬೇಡ ಅಂದ ಮಾತನ್ನು ಯಾರಾದರೂ ನಂಬುತ್ತಾರೆಂದು ನಮಗೆ ಯಾರಿಗೂ ತೋಚಿರಲಿಲ್ಲ.

ಆಗ್ಲಪ್ಪ ಇದಕ್ಕೂ ಏನಾದರೂ ಅನ್ನುತ್ತಿದ್ದನೋ ಏನೋ. ಅಷ್ಟರಲ್ಲಿ ಗಾಡಿಯ ಆ ಬದಿಯಿಂದ ಎರಡು ಜಡೆಯ ಹುಡುಗಿಯ ಕೈ ಹಿಡಿದುಕೊಂಡು ಅವಳ ತಾಯಿ ಮುಂದೆ ಬಂದಳು. ಆಕೆಗೆ ಈ ಜಗಳ ತಿಳಿದಿರಲಿಲ್ಲ.

"ಪಾಪ, ಕೈ ಸುಟ್ಕೊಂಡು ಇಷ್ಟೆಲ್ಲ ಮಾಡಿದ್ರಿ," ಅಂದಳು. "ನಿಮ್ಮ ಮಗಳು ಮಕ್ಕಳಿಗೆಲ್ಲ ಹೇಳ್ತಿದ್ಲಂತೆ. ನಮ್ಮಪ್ಪ ಬಿಲ್ಲೆ ಮಾಡೋಕೆ ಹೋಗಿ ಎಣ್ಣೆ ಕೈಮೇಲೆ ಬಿತ್ತು, ತುಂಬಾ ಸುಟ್ಟಿದೆ, ಇಲ್ಲಾಂದ್ರೆ ನೋಡ್ಬೇಕಿತ್ತು ನೀವು ಅಂತ. ಈಗ ಹೇಗಿದೆ?"

ಆಗ್ಲಪ್ಪ ತನ್ನ ಕೈಗಳನ್ನು ನೋಡಿಕೊಂಡ. ನಾವೂ ನೋಡಿದೆವು. ಒಂದರಲ್ಲಿ ಸಾಹೇಬರ ಕೊಡೆ ಇತ್ತು. ಎರಡೂ ಕೈ ಚೆನ್ನಾಗಿದ್ದವು, ಒಂದು ಗೀರೂ ಇರಲಿಲ್ಲ. ಅವನು ಮೆಲ್ಲಗೆ ಕೈ ಹಿಂದಕ್ಕೆ ಕಟ್ಟಿಕೊಂಡು, ಪರವಾಗಿಲ್ಲ ಅಂದ. ಷಡ್ಡಕ ಪೊಟ್ಟಣವನ್ನು ಗಾಡಿಯ ಮೇಲಿಟ್ಟ. ನಾನು ಕೈಯಲ್ಲಿದ್ದದ್ದನ್ನು ತಿನ್ನಲಾರದೆ ಹೋದೆ.

ಅವನು ಕೊಡೆಯನ್ನೂ ಕೊಡದೆ ತಿರುಗಿ ಹೊರಟ. ದಾರಿಯಲ್ಲಿ ತರಕಾರಿ ಅಂಗಡಿಯಲ್ಲಿ ಆಲೂಗಡ್ಡೆ ತೆಗೆದುಕೊಂಡು, ಚೀಲ ತಂದಿಲ್ಲವಾದ್ದರಿಂದ ಅದೇ ಕೊಡೆಯನ್ನು ಮಗುಚಿ ಅದರೊಳಗೆ ಹಾಕಿಸಿಕೊಂಡು ಹೋದ. ಬೇರೆ ದಿನವಾಗಿದ್ದರೆ ಬೀದಿಗೆ ಬೀದಿಯೇ ನಗುತ್ತಿತ್ತು.

ನಾನು ಮನೆಗೆ ಬಂದಾಗ ಗೋಡೆಯ ಆಚೆ ಹೆಚ್ಚುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಣ್ಣೆ ಚೊರ್ರ್ ಅಂದಿತು. ಮನಸ್ಸು ತಡೆಯದೆ, ನಮ್ಮ ಬೆಂಚು ತರುವ ನೆಪ ಮಾಡಿಕೊಂಡು ಹೋದೆ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ನನ್ನನ್ನು ನೋಡಿ ದಾರಿ ಬಿಟ್ಟಳು. ಒಳಗೆ ಗಿಲಕಿ ಹೊಸ ಫ್ರಾಕು ಬಿಚ್ಚಿ ಮಡಿಸಿಟ್ಟು, ಹಳೆಯ ಅಂಗಿ ಹಾಕಿಕೊಂಡು, ಉಡುಗೊರೆಗಳ ಪಕ್ಕದಲ್ಲಿ ಕೂತಿದ್ದಳು. ಒಂದನ್ನೂ ಬಿಚ್ಚಿರಲಿಲ್ಲ.

ಆಗ್ಲಪ್ಪ ತಟ್ಟೆ ತುಂಬ ಬಿಲ್ಲೆ ತಂದು ಅವಳ ಮುಂದಿಟ್ಟ. ಕರ್ರಗಾದವನ್ನೆಲ್ಲ ಆರಿಸಿ ಮೇಲೆ ಜೋಡಿಸಿದ್ದ. ಅವಸರದಲ್ಲಿ ಎಣ್ಣೆ ನಿಜವಾಗಿಯೇ ಅವನ ಬೆರಳಿಗೆ ಸಿಡಿದು ಕೆಂಪಗಾಗಿತ್ತು.

"ತಿನ್ನು ಪುಟ್ಟಾ."

"ಬೇಡ ಅಪ್ಪ."

ಅವನಿಗೆ ಈಗಷ್ಟೇ ಕಲಿತ ಪಾಠ ನೆನಪಾಗಿರಬೇಕು. ಇನ್ನೊಂದು ಸಲ ಹೇಳಿದ. ಬೇಡ ಅಂದಳು. ಮೂರನೇ ಸಲ ನೆಲದ ಮೇಲೆ ಕೂತು, ತಟ್ಟೆಯನ್ನು ಎತ್ತಿ ಹಿಡಿದು ಬೇಡಿಕೊಂಡ. ಅವಳು ಕರ್ರಗಿನ ಒಂದು ಬಿಲ್ಲೆ ತೆಗೆದುಕೊಂಡು ತಿಂದಳು. ಚೆನ್ನಾಗಿದೆ ಅಂದಳು. ಮನೆಯವರ ಮನಸ್ಸು ನೋಯಬಾರದೆಂದು ಬಂದವರು ತಿನ್ನುತ್ತಾರಲ್ಲ, ಹಾಗೆಯೇ ತಿಂದಳು. ಎರಡನೆಯದಕ್ಕೆ ಕೈ ಹಾಕಲಿಲ್ಲ.

ಯಾಕಮ್ಮ ಕೈ ಸುಟ್ಟಿದೆ ಅಂತ ಹೇಳಿದೆ ಅಂತ ಅವನು ಕೇಳಿದ.

"ಮತ್ತೇನು ಹೇಳ್ಲಿ?" ಅಂದಳು.

ಅವನು ಅವಳ ಕೈ ಹಿಡಿದುಕೊಂಡ. ಬೈದುಬಿಡು, ಅಳು, ಹೊಡೆ, ಏನಾದರೂ ಮಾಡು ಅಂದ. ಊರಿನ ದೂರನ್ನೆಲ್ಲ ಕೇಳಿ ಸವೆದ ಮನುಷ್ಯ ಒಂದು ದೂರಿಗಾಗಿ ಅಂಗಲಾಚುವುದನ್ನು ನಾನು ನೋಡಲಾರದೆ ಮುಖ ತಿರುಗಿಸಿದೆ. ಮೂರು ಹೊತ್ತೂ ಮಾತಾಡುವ ಹುಡುಗಿ, ಉಡುಗೊರೆಯ ಪೊಟ್ಟಣವೊಂದರ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಬರೋ ಭಾನುವಾರ ಎಲ್ಲರನ್ನೂ ಕರ್ಕೊಂಡು ಬಾ," ಅಂದ ಆಗ್ಲಪ್ಪ. "ಇಡೀ ಕ್ಲಾಸನ್ನ. ದೊಡ್ಡವರು ಯಾರೂ ಬೇಡ. ಬರೀ ಬಿಲ್ಲೆ, ಎಷ್ಟು ಬೇಕೋ ಅಷ್ಟು. ನಾನೇ ಮಾಡ್ತೀನಿ. ಆಣೆ ಮಾಡ್ತೀನಿ ಬೇಕಾದ್ರೆ."

ಗಿಲಕಿ ತಲೆಯೆತ್ತಲಿಲ್ಲ. ದಾರವನ್ನು ಸುತ್ತುತ್ತಲೇ ಸಮಾಧಾನವಾಗಿ, "ಆಗ್ಲಿ" ಅಂದಳು.

ಆ ಮಾತನ್ನು ಜೀವಮಾನವಿಡೀ ಆಡಿದವನು ಆಗ್ಲಪ್ಪ. ಅದರ ಅರ್ಥವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ, ನಾನು ಬೆಂಚು ಹೊತ್ತುಕೊಂಡು ಮನೆಗೆ ಬಂದೆ.